ತೊಟ್ಟಿಯ ನಡುವಿನ ಗೋಡೆ

ಮಾಗಡಿ, ಕನಕಪುರ ಕಡೆಯ ಹಳೆಯ ಊರುಗಳಲ್ಲಿ ಒಂದು ನೋಟ ಮತ್ತೆ ಮತ್ತೆ ಎದುರಾಗುತ್ತದೆ. ಕೆತ್ತನೆಯ ಬಾಗಿಲು, ಕಲ್ಲು ಹಾಸಿದ ಜಗಲಿ, ಇಬ್ಬರು ತಬ್ಬಿದರೂ ಸಾಲದಂಥ ಮರದ ಕಂಬಗಳು. ಒಳಗೆ ಕಾಲಿಟ್ಟರೆ ಆಕಾಶಕ್ಕೆ ತೆರೆದ ತೊಟ್ಟಿಯ ನಟ್ಟನಡುವೆ ಗಿಲಾವು ಕಾಣದ ಸಿಮೆಂಟ್ ಇಟ್ಟಿಗೆಯ ಗೋಡೆ. ಮನೆ ಭಾಗವಾಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನೋಡಿದವರು 'ಅಯ್ಯೋ, ಎಂಥ ಮನೆ ಹಾಳಾಯಿತು' ಅನ್ನುತ್ತಾರೆ. ಈ 'ಅಯ್ಯೋ' ಯಾರ ಪರವಾಗಿ ಹೊರಡುತ್ತದೆ ಎನ್ನುವುದೇ ನನ್ನ ಪ್ರಶ್ನೆ.

ತೊಟ್ಟಿಮನೆ ಬುದ್ಧಿವಂತರು ಕಟ್ಟಿದ ಮನೆ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿಜಾರು. ಮಳೆನೀರು ತೊಟ್ಟಿಗೆ ಬಿದ್ದು ಕಲ್ಲಿನ ತೂಬಿನಲ್ಲಿ ಹೊರಗೆ ಹರಿಯುತ್ತದೆ. ಕಳ್ಳಕಾಕರ ಭಯಕ್ಕೆ ಹೊರಗೋಡೆಗೆ ಕಿಟಕಿ ಕಡಿಮೆ, ಹಾಗಾಗಿ ಗಾಳಿ ಬೆಳಕು ಎಲ್ಲ ಮೇಲಿನಿಂದಲೇ ಬರಬೇಕು. ಮಣ್ಣಿನ ದಪ್ಪ ಗೋಡೆ ಸೆಕೆಯನ್ನು ಹೊರಗೇ ನಿಲ್ಲಿಸುತ್ತದೆ. ಮಾಡಿಗೆ ಮೊದಲು ಕುಂಬಾರರ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬರಬರುತ್ತಾ ಮಂಗಳೂರು ಹೆಂಚು. ಕಲ್ಲಿಗಂತೂ ಈ ಸೀಮೆಯಲ್ಲಿ ಬರವಿಲ್ಲ, ಚಪ್ಪಡಿಯನ್ನು ಬೇಲಿಗೂ ನೆಡುತ್ತಾರೆ. (ರಾಮನಗರದ ಬಂಡೆಗಳ ನಡುವೆ ಲೋಕಕ್ಕೆಲ್ಲ ಗೊತ್ತಾದ ಹಳ್ಳಿಯೆಂದರೆ 1975ರ 'ಶೋಲೆ'ಯ ರಾಮಗಢ. ಅದು ಬರೀ ಸೆಟ್ಟು, ಯಾರೂ ಬಾಳದ ಮನೆಗಳು.)

ರೇಷ್ಮೆ ಬಂದ ಮೇಲೆ ಈ ಮನೆಗೆ ಹುಳುವೂ ಒಕ್ಕಲಾಯಿತು. ಪಡಸಾಲೆಯಲ್ಲಿ ಒಂದರ ಮೇಲೊಂದು ತಟ್ಟೆ, ಜಗಲಿಗೆ ಒರಗಿಸಿದ ಚಂದ್ರಿಕೆ. ನಾಲ್ಕು ಜ್ವರ ಕಳೆದು ಹುಳು ಹಣ್ಣಾಗುವವರೆಗೆ ಮನುಷ್ಯರು ಮೂಲೆಯಲ್ಲಿ ಮುದುಡಿ ಮಲಗಬೇಕು. ಕೊನೆಯ ದಿನಗಳಲ್ಲಿ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಹನಿದಂತೆ. ನಡುರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದವರು ಹೆಚ್ಚಾಗಿ ಹೆಂಗಸರು. ಗೂಡು ಮಾರುಕಟ್ಟೆಗೆ ಹೋಗಿ ದುಡ್ಡಾಗಿ ತಿರುಗಿದಾಗ ಅದು ಸೇರುತ್ತಿದ್ದುದು ಯಜಮಾನನ ಪೆಟ್ಟಿಗೆ. ಈಗ ಹುಳುಮನೆಯನ್ನು ಬೇರೆಯೇ ಕಟ್ಟುತ್ತಾರೆ. ಪೆಟ್ಟಿಗೆಯ ವಿಷಯ ಅಷ್ಟು ಬೇಗ ಬದಲಾಗಿಲ್ಲ.

ಮನೆಯ ನಕ್ಷೆಯೇ ಯಾರು ಎಲ್ಲಿಯವರೆಗೆ ಎಂದು ಬರೆದಿಟ್ಟಿತ್ತು. ಊರವರು ಜಗಲಿಗೆ, ನೆಂಟರು ಪಡಸಾಲೆಗೆ, ಒಳಜಾತಿಯವರು ನಡುಮನೆಗೆ. ಹೊಲದಲ್ಲಿ ಬೆನ್ನು ಬಗ್ಗಿಸಿದ ದಲಿತ ಆಳಿಗೆ ಹಿತ್ತಿಲ ಬಾಗಿಲಾಚೆ ಮುದ್ದೆ. ಆ ತೊಟ್ಟಿಯ ಬೆಳಕಿನ ಕೆಳಗೆ ಅವನು ಒಂದು ದಿನವೂ ನಿಂತವನಲ್ಲ. ಅವನ ಮೊಮ್ಮಗ ಈ ಗೋಡೆ ನೋಡಿ 'ಅಯ್ಯೋ' ಅನ್ನಬೇಕೆಂದು ನಾವು ಬಯಸುವುದಾದರೂ ಹೇಗೆ?

ಮನೆಮಗಳ ಕಥೆ ಬೇರೆ. ಅವಳಿಗೆ ಎಲ್ಲ ಕೋಣೆಗಳೂ ಗೊತ್ತು, ಪಾಲು ಮಾತ್ರ ಕೇಳುವಂತಿರಲಿಲ್ಲ. ಇದು ಬರೀ ವಾಡಿಕೆಯಲ್ಲ, ಕಾನೂನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಆಸ್ತಿಯಲ್ಲಿ ಮಗಳಿಗೂ ಹಕ್ಕು ಕೊಟ್ಟಿತು. ಆದರೆ ಅದರ 23ನೆಯ ಕಲಂ, ಕುಟುಂಬದವರೇ ವಾಸವಿರುವ ಮನೆಯನ್ನು ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಭಾಗ ಕೇಳುವಂತಿಲ್ಲ ಎಂದಿತು. ಮದುವೆಯಾಗದವಳಿಗೆ, ಗಂಡ ಬಿಟ್ಟವಳಿಗೆ, ವಿಧವೆಗೆ ಇರಲು ಜಾಗವಷ್ಟೇ. ಆ ಕಲಂ ಹೋದದ್ದು 2005ರಲ್ಲಿ. ಹತ್ತಿರ ಹತ್ತಿರ ಐವತ್ತು ವರ್ಷ, ಅಣ್ಣತಮ್ಮಂದಿರು ಒಪ್ಪದ ಕಡೆಯೆಲ್ಲ, ಮನೆ ಇಡಿಯಾಗಿ ಉಳಿದದ್ದು ಅವಳ ಪಾಲಿನ ಖರ್ಚಿನಲ್ಲಿ. ಇಷ್ಟಾದರೂ ಮನೆ ಒಡೆದಾಗ 'ಮನೆಮುರುಕಿ' ಎಂಬ ಬೈಗುಳ ಬೀಳುವುದು ಹೆಣ್ಣಿನ ತಲೆಗೇ. ತೊಟ್ಟಿಗೆ ಗೋಡೆ ಹಾಕಿದವರು ಬಹುತೇಕ ಗಂಡುಮಕ್ಕಳೇ ಅಲ್ಲವೇ?

ಹಾಗೆಂದು ಗೋಡೆ ಚೆನ್ನಾಗಿದೆ ಎಂದು ನಾನು ಹೇಳಲಾರೆ. ಹೊಲವನ್ನು ಗುಂಟೆ ಲೆಕ್ಕದಲ್ಲಿ ಹಂಚಬಹುದು, ಬೆಳಕನ್ನು ಹಂಚಿದರೆ ಎರಡೂ ಕಡೆ ಕತ್ತಲೆ. ತೂಬು ಒಬ್ಬನ ಪಾಲಿಗೆ ಹೋದರೆ ಇನ್ನೊಬ್ಬನ ಕಡೆ ನೀರು ನಿಲ್ಲುತ್ತದೆ, ಮೊದಲ ಮಳೆಗೇ ಜಗಳ. ಎರಡು ಮಾಡು ಕೂಡುವ ಮೂಲೆ ಸೋರಿದರೆ ಹೆಂಚು ಹೊದಿಸುವ ಖರ್ಚು ಯಾರದು? ಕೊನೆಗೆ ಇಬ್ಬರೂ ಬೇಸತ್ತು ಕಂಬ, ಬಾಗಿಲು ಮಾರುತ್ತಾರೆ, ಅವು ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ 'ಹಳ್ಳಿ ಸೊಗಡು' ಆಗಿ ನಿಲ್ಲುತ್ತವೆ. ಮಾರಿದವರನ್ನು ದೂರಲು ನನಗೆ ಮನಸ್ಸಿಲ್ಲ. ಸೋರುವ ಮನೆಯಲ್ಲಿ ಮಲಗುವವರು ಅವರು, ನಾವಲ್ಲ. ಬಳಕೆ ತಪ್ಪಿದ ಬೇಸಾಯದ ಸಾಮಾನು, ಪಾತ್ರೆ ಪಗಡೆಗಳಿಗೆ ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು, ದೊಡ್ಡ ಕೆಲಸ. ಜನ ಇನ್ನೂ ಬಾಳುತ್ತಿರುವ ಮನೆಗೆ ಆ ಉಪಾಯ ನಡೆಯುವುದಿಲ್ಲ.

ಅಂದವಾದದ್ದನ್ನು ನ್ಯಾಯಕ್ಕಾಗಿ ಒಡೆಯುವುದು ತಪ್ಪೇ ಎಂದರೆ, ತಪ್ಪಲ್ಲ ಎನ್ನುತ್ತೇನೆ. ಆದರೆ ಒಡೆಯದೆಯೂ ನ್ಯಾಯ ಸಿಗುವ ದಾರಿ ಇದೆ, ಅದನ್ನು ಹೇಳುವವರು ಕಡಿಮೆ. ಮನೆ ಇಡಿಯಾಗಿ ಬೇಕೆನ್ನುವ ಅಣ್ಣ ತಂಗಿಯ ಪಾಲಿಗೆ ಬೆಲೆ ಕಟ್ಟಿ ಕೊಟ್ಟರಾಯಿತು. ನಡೆಯುವುದು ಬೇರೆಯೇ. ಬಾಗಿನ, ಅರಿಸಿನ ಕುಂಕುಮ, ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಲ್ಲಿ ಅವಳೂ ಹಾಕುತ್ತಾಳೆ. ಈಗಂತೂ ಬೆಂಗಳೂರು ಬಿಡದಿ ದಾಟಿ ಬಂದಿದೆ, ಹಿತ್ತಿಲಿಗೂ ಸೈಟಿನ ರೇಟು. ತೊಟ್ಟಿಮನೆಯ ಫೋಟೋ ಹಿಡಿಯಲು ಹೋಗುವ ಗೆಳೆಯರು ಅಲ್ಲಿನ ಹೆಣ್ಣುಮಕ್ಕಳನ್ನೂ ಮಾತಾಡಿಸಿ ನೋಡಲಿ, ಆ ಪತ್ರದಲ್ಲಿ ಎಷ್ಟು ಬರೆದಿತ್ತು ಎಂದು.