ಎಣ್ಣಿ ಹೊಡೆಯುವವರ ರಕ್ತದ ಲೆಕ್ಕ

ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ಸೋಯಾ, ಹತ್ತಿ, ಕಬ್ಬು. ಸವದತ್ತಿ, ರಾಮದುರ್ಗದ ಎರೆಹೊಲಗಳಲ್ಲಿ ಗೋವಿನಜೋಳ, ಹಿಂಗಾರಿಗೆ ಕಡಲೆ. ಬೆಳೆ ಯಾವುದಾದರೂ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವುದು ತಪ್ಪಿದ್ದಲ್ಲ. 2018ರಲ್ಲಿ ಸೈನಿಕ ಹುಳು ರಾಜ್ಯಕ್ಕೆ ಬಂದ ಮೇಲಂತೂ ಗೋವಿನಜೋಳದ ಸುಳಿಸುಳಿಗೂ ಔಷಧ. ಎಕರೆಗೆ ಎಷ್ಟು ಡಬ್ಬಿ ಹಿಡಿಯಿತು ಎಂದರೆ ರೈತ ಥಟ್ಟನೆ ಹೇಳುತ್ತಾನೆ. ಪಂಪು ಹೊತ್ತ ಕೂಲಿಯವನ ಮೈಗೆ ಎಷ್ಟು ಹಿಡಿಯಿತು ಎಂದು ಕೇಳಿದರೆ ಉತ್ತರವಿಲ್ಲ. ಅಳೆಯಲು ಬಾರದ್ದಕ್ಕಲ್ಲ, ಅಳೆಯದೇ ಬಿಟ್ಟಿದ್ದಕ್ಕೆ.

ಬಾಯಿಗೆ ವಸ್ತ್ರ ಕಟ್ಟಿಕೊಂಡರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ ಹೊಲದಲ್ಲಿ ವಿಷ ಹೆಚ್ಚಾಗಿ ಇಳಿಯುವುದು ಚರ್ಮದಿಂದ. ಪಂಪಿನ ಮುಚ್ಚಳ ಸಡಿಲಿದ್ದರೆ ಬೆನ್ನು ತೋಯುತ್ತದೆ. ನಾಜಲ್ ಮುಂದೆ ಹಿಡಿದು ಅದೇ ಸಾಲಿನಲ್ಲಿ ನಡೆದರೆ ತೊಡೆ ತೋಯುತ್ತದೆ. ಮೈಮೇಲೆ ಅಲ್ಲಲ್ಲಿ ಬಟ್ಟೆಯ ತುಂಡು ಕಟ್ಟಿ, ಯಾವ ಭಾಗಕ್ಕೆ ಎಷ್ಟು ಬಿತ್ತೆಂದು ಅಳೆಯುವ ಕ್ರಮವನ್ನು ಡರಹಮ್ ಮತ್ತು ವುಲ್ಫ್ ಎಂಬ ಸಂಶೋಧಕರು 1962ರಲ್ಲೇ ವಿವರಿಸಿದ್ದರು. ಪ್ಯಾರಾಥಿಯಾನ್ ಎಂಬ ಕೀಟನಾಶಕ ಮುಂಗೈಗಿಂತ ವೃಷಣದ ಚರ್ಮದಲ್ಲಿ ಸುಮಾರು 12 ಪಟ್ಟು ಹೆಚ್ಚು ಇಳಿಯುತ್ತದೆ ಎಂಬುದೂ 1971ರಲ್ಲಿ ಗೊತ್ತಾಯಿತು. ಒದ್ದೆ ಚಡ್ಡಿಯಲ್ಲೇ ಸಂಜೆತನಕ ದುಡಿಯುವವನಿಗೆ ಇದನ್ನು ಹೇಳಬೇಕಾದವರು ಯಾರು?

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಕೀಟನಾಶಕಗಳು ನರಗಳಿಗೆ ಬೇಕಾದ ಕೊಲಿನೆಸ್ಟರೇಸ್ ಕಿಣ್ವವನ್ನು ಕುಗ್ಗಿಸುತ್ತವೆ. ರಕ್ತಪರೀಕ್ಷೆಯಲ್ಲಿ ಅದು ಸಿಗುತ್ತದೆ. ಎಲ್ಲ ಔಷಧಕ್ಕೂ ಈ ಪರೀಕ್ಷೆ ಒಗ್ಗದು, ನಿಜ. ಇನ್ನೊಂದು ತೊಡಕೂ ಇದೆ: ಕಿಣ್ವದ ಮಟ್ಟ ಒಬ್ಬೊಬ್ಬರಿಗೆ ಒಂದೊಂದು. ಹಂಗಾಮಿಗೆ ಮುಂಚಿನ ಅಂಕಿ ಕೈಯಲ್ಲಿಲ್ಲದಿದ್ದರೆ ಎಷ್ಟು ಇಳಿಯಿತೆಂದು ಹೇಳುವುದು ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ 1974ರಿಂದ ಈ ಪರೀಕ್ಷೆ ಕಡ್ಡಾಯ. ಕೆಂಪುರಕ್ತಕಣದ ಕಿಣ್ವ ಮೊದಲಿನ ಶೇ 70ಕ್ಕೆ ಇಳಿದರೆ ಆ ಕೆಲಸದಿಂದ ಕೂಲಿಕಾರನನ್ನು ದೂರವಿಡಬೇಕು.

ನಮ್ಮ 1971ರ ಕೀಟನಾಶಕ ನಿಯಮಗಳೂ ಇಂಥ ಔಷಧಗಳಲ್ಲಿ ಕೈಯಾಡಿಸುವವರಿಗೆ ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಬೇಕು ಎನ್ನುತ್ತವೆ. ವಾಣಿಜ್ಯ ಸಿಂಪಡಣೆಯವರನ್ನೂ ಹೆಸರಿಸುತ್ತವೆ. ಪಂಪಿಗೆ ಇಷ್ಟು ಎಂದು ಮಾತಾಡಿ ಹೊಲದಿಂದ ಹೊಲಕ್ಕೆ ಹೋಗುವ ನಮ್ಮ ಹುಡುಗರು ಮಾಡುವುದೂ ಅದನ್ನೇ. ಅವರನ್ನು ಆ ಹೆಸರಿನಲ್ಲಿ ಯಾರೂ ಬರೆದುಕೊಂಡಿಲ್ಲ, ಅಷ್ಟೇ. ಕೈಗವಸು ಹಾಕಿಕೊಳ್ಳಿರೆಂದು ಹೇಳಿ ಕೈತೊಳೆದುಕೊಂಡರೆ, ಸವದತ್ತಿಯ ಬಿಸಿಲಲ್ಲಿ ದುಡಿಯುವವನ ಮೇಲೇ ತಪ್ಪು ಹೊರಿಸಿದಂತೆ.

ಎಣಿಸದೇ ಕಾದುದರ ಫಲ ಕಂಡಿದ್ದೇವೆ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕ ಎಂಡೋಸಲ್ಫಾನ್ ಸುರಿಯಿತು. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದ ಹತ್ತಿಹೊಲಗಳಲ್ಲಿ ಸಿಂಪಡಣೆಗೆ ಹೋದ 20ಕ್ಕೂ ಹೆಚ್ಚು ಜನ ಸತ್ತರು. ಅದೂ ನಮ್ಮಂಥದೇ ಎರೆನೆಲ.

ಹೆಂಗಸರ ಮಾತು ಇನ್ನೂ ಬೇರೆ. ಪಂಪಿಗೆ ನೀರು ಹೊತ್ತು ತರುವವರು ಅವರು. ಸಿಂಪಡಿಸಿದ ಮರುದಿನ ಕಸ ತೆಗೆಯಲು ಇಳಿಯುವವರೂ ಅವರೇ. ಮುಂಜಾವದ ಇಬ್ಬನಿಗೆ ಸೀರೆಯಂಚು ಮೊಣಕಾಲತನಕ ತೋಯುತ್ತದೆ. ಕಡಲೆಯ ಕುಡಿ ಚಿವುಟುವಾಗ ಹುಳಿಹುಳಿಯಾಗಿದೆಯೆಂದು ಒಂದೆರಡು ಎಲೆ ಬಾಯಿಗೂ ಹೋಗುತ್ತವೆ, ಉಳಿದದ್ದು ಪಲ್ಯಕ್ಕೆಂದು ಉಡಿಯಲ್ಲಿ ಮನೆಗೆ ಬರುತ್ತದೆ. ಆ ಹೊಲಕ್ಕೆ ಹಿಂದಿನ ದಿನ ಏನು ಹೊಡೆದರೆಂದು ಅವರಿಗೆ ಹೇಳುವವರಿಲ್ಲ.

1968ರ ಕೀಟನಾಶಕ ಕಾಯ್ದೆಯ 26ನೇ ಕಲಮಿನಂತೆ ವಿಷಬಾಧೆಯ ಪ್ರಕರಣಗಳನ್ನು ವರದಿ ಮಾಡಲೇಬೇಕೆಂದು ರಾಜ್ಯ ಸರ್ಕಾರ ಆದೇಶಿಸಬಹುದು. ಅದರ ಜೊತೆಗೆ ಈ ನಾಲ್ಕೂ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಾರಹುಣ್ಣಿಮೆಯೊಳಗೆ ಮೊದಲ ರಕ್ತಪರೀಕ್ಷೆ ಆಗಲಿ, ಹಂಗಾಮಿನ ನಡುವೆ ಮತ್ತೊಂದು. ಆ ಪಟ್ಟಿಯಲ್ಲಿ ಪಂಪು ಹೊರುವವರ ಹೆಸರಿನೊಂದಿಗೆ ನೀರು ಹೊರುವವರ, ಕಸ ತೆಗೆಯುವವರ ಹೆಸರೂ ಇರಲಿ.