ಮಗಳು ನಟಿಯಾಗುತ್ತೇನೆ ಎಂದಾಗ



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ನಿಮಗೆ ಗೊತ್ತೇ ಇದೆ. ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ., ಇಲ್ಲವೇ ಗಲ್ಫ್ ದೇಶದಲ್ಲೊಂದು ಕೆಲಸ. ಮಕ್ಕಳು ಇವುಗಳಲ್ಲಿ ಯಾವುದನ್ನು ಹೇಳಿದರೂ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಆದರೆ ಮಗಳು, "ಅಪ್ಪಾ, ನಾನು ನಾಟಕ ಕಲಿಯಬೇಕು, ನಟಿಯಾಗಬೇಕು" ಎಂದರೆ? ಮಗ, "ನಾನು ನಿರ್ದೇಶಕನಾಗುತ್ತೇನೆ, ಇಲ್ಲವೇ ರೇಡಿಯೋದಲ್ಲಿ ಕೆಲಸ ಮಾಡುತ್ತೇನೆ" ಎಂದರೆ? ಊಟದ ತಟ್ಟೆಯ ಮುಂದೆ ಎಲ್ಲರೂ ಮೌನವಾಗುತ್ತಾರೆ. ಅಜ್ಜಿ ಜಪಸರ ಹಿಡಿಯುತ್ತಾರೆ.

ಇದೇ ಮಗಳು ಕ್ರಿಸ್ಮಸ್ ನಾಟಕದಲ್ಲಿ ಮಾತೆ ಮರಿಯಳ ಪಾತ್ರ ಮಾಡಿದಾಗ ಮುಂದಿನ ಸಾಲಿನಲ್ಲಿ ಕುಳಿತು ಕಣ್ಣೊರೆಸಿಕೊಂಡವರು ನಾವೇ ಅಲ್ಲವೇ? ಚರ್ಚಿನ ವೇದಿಕೆಯಲ್ಲಿ ವರದಾನವಾಗಿದ್ದದ್ದು ಹೊಟ್ಟೆಪಾಡಿನ ಮಾತು ಬಂದೊಡನೆ ಅಪಾಯವಾಗುವುದು ಏಕೆ? ನಮ್ಮ ಅಂಜಿಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಆ ಅಂಜಿಕೆಯೊಳಗೆ ಹಲವು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವುಗಳನ್ನು ಬಿಡಿಸಿ ನೋಡದೆ 'ಹೂಂ' ಎನ್ನುವುದೂ ತಪ್ಪು, 'ಬೇಡ' ಎನ್ನುವುದೂ ತಪ್ಪು.

ನಟನೆ ಎಂದರೆ ಸುಳ್ಳೇ?

ಮೊದಲನೆಯದು ಪ್ರಾಮಾಣಿಕತೆಯ ಪ್ರಶ್ನೆ. 'ಬಣ್ಣ ಹಚ್ಚಿಕೊಂಡು ಇನ್ನೊಬ್ಬರಂತೆ ನಟಿಸುವುದೇ ಕಸುಬಾದರೆ ಮನುಷ್ಯ ಸತ್ಯವಂತನಾಗಿ ಉಳಿಯುತ್ತಾನೆಯೇ?' ಎಂದು ಹಿರಿಯರು ಕೇಳುತ್ತಾರೆ. ಈ ಪ್ರಶ್ನೆ ಹೊಸದಲ್ಲ. ಶುಭಸಂದೇಶದಲ್ಲಿ ಪ್ರಭು ಯೇಸು ಕಪಟಿಗಳನ್ನು ಖಂಡಿಸುವ ಕಡೆ ಬರುವ ಗ್ರೀಕ್ ಪದ 'ಹಿಪೊಕ್ರಿತೇಸ್'. ಗ್ರೀಕರು ರಂಗದ ಮೇಲಿನ ನಟನನ್ನು ಕರೆಯುತ್ತಿದ್ದುದೂ ಅದೇ ಪದದಿಂದ! ನಟರನ್ನು ಸಂಶಯದಿಂದ ನೋಡಿದ ಕಾಲ ಧರ್ಮಸಭೆಯಲ್ಲಿಯೂ ಇತ್ತು. ಫ್ರಾನ್ಸಿನ ಮಹಾನ್ ನಾಟಕಕಾರ ಹಾಗೂ ನಟ ಮೋಲಿಯೇರ್ 1673ರಲ್ಲಿ ತೀರಿಕೊಂಡಾಗ, ಆತ ನಟನ ವೃತ್ತಿಯನ್ನು ತ್ಯಜಿಸಿರಲಿಲ್ಲ ಎಂಬ ಕಾರಣಕ್ಕೆ ಕ್ರೈಸ್ತ ಸಂಸ್ಕಾರವನ್ನು ನಿರಾಕರಿಸಲಾಗಿತ್ತು. ಕೊನೆಗೆ ಅರಸನೇ ಮಧ್ಯೆ ಬರಬೇಕಾಯಿತು. ರಾತ್ರಿಯ ಹೊತ್ತಿನಲ್ಲಿ, ಸಡಗರವಿಲ್ಲದೆ ಆತನನ್ನು ಮಣ್ಣು ಮಾಡಿದರು.

ಆದರೆ ಶುಭಸಂದೇಶವನ್ನು ಇನ್ನೊಮ್ಮೆ ಗಮನವಿಟ್ಟು ಓದಿ. ಪ್ರಭು ಗದರಿಸಿದ್ದು ರಂಗಮಂದಿರದಲ್ಲಿ ಪಾತ್ರ ಮಾಡಿದವರನ್ನಲ್ಲ. ಜನ ನೋಡಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು, ತುತೂರಿ ಊದಿಸಿ ದಾನ ಕೊಡುವವರನ್ನು. ವ್ಯತ್ಯಾಸ ಇಲ್ಲಿದೆ. ನಟ ಯಾರನ್ನೂ ವಂಚಿಸುವುದಿಲ್ಲ. ಪರದೆ ಇದೆ, ದೀಪವಿದೆ, ಟಿಕೆಟ್ ಇದೆ. ಇದು ನಾಟಕವೆಂದು ಆತನಿಗೂ ಗೊತ್ತು, ನಮಗೂ ಗೊತ್ತು. ಕಪಟಿಯಾದರೋ ಪರದೆಯನ್ನು ಮುಚ್ಚಿಟ್ಟು ನಾಟಕವಾಡುತ್ತಾನೆ. ಅಂಥವನಿಗೆ ಬಣ್ಣ ಬೇಕಿಲ್ಲ. ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಚರ್ಚಿನ ಬೆಂಚಿನ ಮೇಲೂ ಆತ ಕುಳಿತಿರಬಹುದು.

ನಡೆಯದೇ ಇದ್ದ ಕಥೆಯ ಮೂಲಕ ಸತ್ಯವನ್ನು ಹೇಳಬಹುದು ಎಂಬುದನ್ನು ನಮಗೆ ಕಲಿಸಿದವರು ಯಾರು? ಸಾಮತಿಗಳನ್ನು ಹೇಳಿದ ಪ್ರಭುವೇ. ದಯಾಳು ಸಮಾರಿತನ ಹೆಸರು ಯಾವ ಜನಗಣತಿಯಲ್ಲೂ ಇಲ್ಲ. ಹಾಗೆಂದು ಆ ಕಥೆ ಸುಳ್ಳೇ? ಅದನ್ನು ಕೇಳಿದ ಮೇಲೆ 'ನನ್ನ ನೆರೆಯವನು ಯಾರು' ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಮಗೆ ಇಂದಿಗೂ ಆಗಿಲ್ಲ. ಒಳ್ಳೆಯ ನಾಟಕ, ಒಳ್ಳೆಯ ಚಿತ್ರ ಮಾಡುವುದೂ ಇದೇ ಕೆಲಸವನ್ನು.

ಪ್ರಸಾರ ಮಾಧ್ಯಮದ ಮಾತು ಬೇರೆ. ಅಲ್ಲಿ ಪರದೆ ಕಾಣುವುದಿಲ್ಲ. ಕೇಳುವವನು ಧ್ವನಿಯನ್ನು ನಂಬುತ್ತಾನೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶಕ್ಕೆಲ್ಲ ಆಯಿತು. ಅಂದಿನಿಂದ ನಮ್ಮ ಜನ ಹವಾಮಾನ, ಕೃಷಿ, ಸಾವಿನ ಸುದ್ದಿ ಎಲ್ಲವನ್ನೂ ಕಾಣದ ಧ್ವನಿಯ ಮೇಲೆ ಭರವಸೆಯಿಟ್ಟು ಕೇಳಿದ್ದಾರೆ. ಜಗದ್ಗುರು ಹನ್ನೆರಡನೆಯ ಪಿಯುಸ್ 1951ರಲ್ಲಿ ಗಬ್ರಿಯೇಲ್ ದೂತನನ್ನು ದೂರಸಂಪರ್ಕ ಮಾಧ್ಯಮಗಳ ಪಾಲಕನೆಂದು ಸಾರಿದ್ದು ಅರ್ಥಪೂರ್ಣವಾಗಿದೆ. ಆ ದೂತ ತಂದದ್ದು ತನ್ನ ಸುದ್ದಿಯನ್ನಲ್ಲ, ತನ್ನನ್ನು ಕಳುಹಿಸಿದವನ ಸುದ್ದಿಯನ್ನು. ಗೊತ್ತಿಲ್ಲದ್ದನ್ನು ಗೊತ್ತೆಂಬಂತೆ ಓದುವ, ತಾನು ಬಳಸದ ವಸ್ತುವನ್ನು ಅಕ್ಕರೆಯ ಧ್ವನಿಯಲ್ಲಿ ಹೊಗಳುವ, ಜಗಳ ಹಚ್ಚಲೆಂದೇ ಕೂಗಾಡುವ ಪ್ರಸಾರಕ ನಟನಲ್ಲ, ಆತನೇ ಕಪಟಿ. ಇಂದು ಕೈಯಲ್ಲೊಂದು ಮೊಬೈಲ್ ಇದ್ದ ಪ್ರತಿಯೊಬ್ಬರೂ ಪ್ರಸಾರಕರೇ ಆಗಿರುವುದರಿಂದ ಈ ಮಾತು ನಮಗೂ ಸಲ್ಲುತ್ತದೆ.

ಪ್ರತಿಭೆಯೊಂದಿದ್ದರೆ ಸಾಕೇ?

ಎರಡನೆಯ ಪ್ರಶ್ನೆ ಕರೆಯದು. 'ದೇವರು ಪ್ರತಿಭೆ ಕೊಟ್ಟಿದ್ದಾನೆ, ಅದನ್ನು ಮಣ್ಣಿನಲ್ಲಿ ಹೂತಿಡಬಾರದು' ಎಂದು ಮಕ್ಕಳು ತಲೆಂತುಗಳ ಸಾಮತಿಯನ್ನೇ ನಮ್ಮ ಮುಂದಿಡುತ್ತಾರೆ. ನಿಜ. ಆದರೆ ಆ ಸಾಮತಿಯಲ್ಲಿ ನಾವು ಮರೆಯುವ ಎರಡು ಸಂಗತಿಗಳಿವೆ. ಹಣ ಸೇವಕನದಲ್ಲ, ಯಜಮಾನನದು. ಅದು ದುಪ್ಪಟ್ಟಾದದ್ದು ಚಪ್ಪಾಳೆಯಿಂದಲ್ಲ. ಬಹುಕಾಲ ನಡೆದ ವ್ಯಾಪಾರದಿಂದ, ದುಡಿಮೆಯಿಂದ.

ಬಂಟ್ವಾಳ ತಾಲೂಕಿನ ಮಂಚಿಯ ಕಡೆಯಿಂದ ಬಂದ ಬಿ.ವಿ. ಕಾರಂತರನ್ನು ನೆನೆಯಿರಿ. ನಾಟಕದ ಹುಚ್ಚು ಹಿಡಿದು ಮನೆಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ ಹುಡುಗ. ಪ್ರತಿಭೆ ಇತ್ತು, ಕಂಪನಿಯೂ ಸಿಕ್ಕಿತ್ತು, ಇನ್ನೇನು ಬೇಕು? ಆದರೆ ವೀರಣ್ಣನವರು ಆ ಹುಡುಗನನ್ನು ಓದಲೆಂದು ಕಾಶಿಗೆ ಕಳುಹಿಸಿದರು. ಎಂ.ಎ. ಆದ ಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಮತ್ತೆ ವಿದ್ಯಾರ್ಥಿ. 'ಚೋಮನ ದುಡಿ' (1975) ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣ ಕಮಲ ಬಂದದ್ದು, 1977ರಲ್ಲಿ ಅದೇ ನಾಟಕ ಶಾಲೆಗೆ ನಿರ್ದೇಶಕರಾದದ್ದು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ್ದು ಎಲ್ಲವೂ ಆ ಕಲಿಕೆಯ ನಂತರದ ಮಾತು. ಓಡಿಹೋದದ್ದನ್ನಷ್ಟೇ ನೋಡುವ ಮಕ್ಕಳು ಆ ವರ್ಷಗಳ ಓದನ್ನೂ ನೋಡಬೇಕು. ಓದನ್ನಷ್ಟೇ ಬಯಸುವ ತಂದೆತಾಯಿಯರು, ಓಡಿಹೋಗಬೇಕಾದಷ್ಟು ಮನೆಯ ಬಾಗಿಲು ಬಿಗಿದಿತ್ತೇ ಎಂದು ಕೇಳಿಕೊಳ್ಳಬೇಕು.

ಪ್ರತಿಭೆ ಇದ್ದಲ್ಲೆಲ್ಲ ಕರೆ ಇರಲೇಬೇಕೆಂದೂ ಇಲ್ಲ. 1938ರಲ್ಲಿ ಪೋಲೆಂಡಿನ ಕ್ರಾಕೋವ್ ವಿಶ್ವವಿದ್ಯಾಲಯ ಸೇರಿದ ತರುಣ ಕರೋಲ್ ವೊಯ್ತಿವಾನಿಗೆ ರಂಗಭೂಮಿಯೇ ಉಸಿರಾಗಿತ್ತು. ನಾಜಿಗಳು ದೇಶವನ್ನು ಆಕ್ರಮಿಸಿದ ಮೇಲೆ ಹಗಲು ಕಲ್ಲುಗಣಿಯಲ್ಲಿ, ಆಮೇಲೆ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿಮೆ, ಬಿಡುವಿನಲ್ಲಿ ನಾಟಕ. 1941ರಲ್ಲಿ ಮೇಚಿಸ್ಲಾವ್ ಕೋಟ್ಲಾರ್ಚಿಕ್ ಕಟ್ಟಿದ 'ರಾಪ್ಸೋಡಿಕ್ ರಂಗಭೂಮಿ' ಮನೆಗಳ ಒಳಕೋಣೆಗಳಲ್ಲಿ ಕದ್ದುಮುಚ್ಚಿ ನಾಟಕವಾಡುತ್ತಿತ್ತು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯ. ದೃಶ್ಯಾವಳಿ ಇಲ್ಲ, ವೇಷಭೂಷಣ ಹೆಚ್ಚಿಲ್ಲ, ಮಾತೇ ಎಲ್ಲ. ಒಂದು ನಾಡಿನ ಭಾಷೆಯನ್ನೇ ಅಳಿಸಲು ಹೊರಟವರ ಎದುರು ಆ ಮಾತೇ ಪ್ರತಿಭಟನೆಯಾಗಿತ್ತು. ಅಂಥ ನಟ 1942ರಲ್ಲಿ ಗುಪ್ತವಾಗಿ ನಡೆಯುತ್ತಿದ್ದ ಗುರುಮಠವನ್ನು ಸೇರಿದಾಗ, ರಂಗದಲ್ಲೇ ಉಳಿಯುವಂತೆ ಗೆಳೆಯರು ಒತ್ತಾಯಿಸಿದರು. ಆತ ಉಳಿಯಲಿಲ್ಲ. ಮುಂದೆ ಜಗದ್ಗುರು ಎರಡನೆಯ ಜಾನ್ ಪಾಲ್ ಆಗಿ, 2014ರಲ್ಲಿ ಸಂತರೆಂದು ಘೋಷಿತರಾದವರು ಇವರೇ. ರಂಗವನ್ನು ಬಿಟ್ಟರೂ ಅವರು ಅದನ್ನು ತುಚ್ಛವಾಗಿ ಕಾಣಲಿಲ್ಲ. ಗುರುವಾದ ಮೇಲೂ ನಾಟಕ ಬರೆದರು, 1999ರ ಪಾಸ್ಖ ಹಬ್ಬದಂದು ಲೋಕದ ಕಲಾವಿದರೆಲ್ಲರಿಗೂ ಒಂದು ಪತ್ರ ಬರೆದರು. ಕಲಿತದ್ದು ವ್ಯರ್ಥವಾಗಲಿಲ್ಲ. ಮಕ್ಕಳು ನಾಟಕ ಕಲಿತು ಕೊನೆಗೆ ಶಿಕ್ಷಕರೋ ವಕೀಲರೋ ಆದರೆ 'ಹಣ ನೀರಿನಲ್ಲಿ ಹೋಯಿತು' ಎನ್ನುವವರು ಇದನ್ನು ನೆನಪಿಡಲಿ.

ಖರ್ಚು ಯಾರ ತಲೆಯ ಮೇಲೆ?

ಮೂರನೆಯದು ಅಕ್ಕಿಬೇಳೆಯ ಪ್ರಶ್ನೆ. ಇದನ್ನು ಕೀಳೆಂದು ತಳ್ಳಿಹಾಕುವವರು ಮನೆ ನಡೆಸಿದವರಲ್ಲ. ಈ ಕ್ಷೇತ್ರದಲ್ಲಿ ತಿಂಗಳ ಸಂಬಳ ಅಪರೂಪ. ಇಂದು ಕೆಲಸವಿದೆ, ನಾಳೆ ಇಲ್ಲ. ಶಂಕರ್ ನಾಗ್ ಅವರ ಹೆಸರು ಕೇಳದ ಕನ್ನಡಿಗರುಂಟೇ? 1978ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ನಟನಾಗಿ ಬಂದರು. 'ಮಿಂಚಿನ ಓಟ', ಪಾದಚಾರಿ ಮಾರ್ಗದಲ್ಲಿ ಮಲಗುವ ಬಡವರ ಜೀವಕ್ಕೆ ಬೆಲೆಯೇನು ಎಂದು ಕೇಳಿದ 'ಆಕ್ಸಿಡೆಂಟ್' (1985) ಮುಂತಾದ ಚಿತ್ರಗಳನ್ನು ನಿರ್ದೇಶಿಸಿದರು. ದೂರದರ್ಶನಕ್ಕಾಗಿ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಮಾಡಿ ದೇಶದ ಮನೆಮನೆಗೆ ತಲುಪಿದರು. ನಟನೆ, ನಿರ್ದೇಶನ, ಪ್ರಸಾರ ಮೂರರಲ್ಲೂ ಗೆದ್ದವರು ಎನ್ನಬಹುದು. ಅವರೂ ಇಂಥ ಚಿತ್ರಗಳ ಜೊತೆಜೊತೆಗೇ ಹಾಡು, ಹೊಡೆದಾಟದ ಚಿತ್ರಗಳಲ್ಲಿ ಬಿಡುವಿಲ್ಲದೆ ದುಡಿದರು. ಅದರಲ್ಲಿ ಅವಮಾನವೇನಿಲ್ಲ, 'ಆಟೋ ರಾಜ'ನ ಚಿತ್ರವನ್ನು ನಮ್ಮ ಆಟೋ ಚಾಲಕರು ಇಂದಿಗೂ ಅಭಿಮಾನದಿಂದ ಅಂಟಿಸಿಕೊಂಡಿದ್ದಾರೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತ; ವಯಸ್ಸು ಕೇವಲ 35. ಅವರು ಕಂಡ ರಂಗಮಂದಿರದ ಕನಸು ಬೆಂಗಳೂರಿನಲ್ಲಿ 'ರಂಗ ಶಂಕರ'ವಾಗಿ ಬಾಗಿಲು ತೆರೆದದ್ದು 2004ರಲ್ಲಿ. ಆ ಹದಿನಾಲ್ಕು ವರ್ಷಗಳ ಹೊರೆ ಹೊತ್ತವರು ಪತ್ನಿ ಅರುಂಧತಿ ನಾಗ್ ಮತ್ತು ಜೊತೆಗಾರರು. ಒಬ್ಬರ ಕನಸಿನ ಬೆಲೆಯನ್ನು ಹಲವರು ತೆರುತ್ತಾರೆ. ಆದ್ದರಿಂದ 'ಇದು ನನ್ನ ಜೀವನ, ನನ್ನಿಷ್ಟ' ಎಂದು ಮಕ್ಕಳು ಹೇಳಿ ಮುಗಿಸುವಂತಿಲ್ಲ. 'ನಮ್ಮ ಮರ್ಯಾದೆ ಏನಾಗಬೇಕು' ಎಂದು ಹಿರಿಯರು ಹೇಳಿ ಮುಗಿಸುವಂತೆಯೂ ಇಲ್ಲ. ಇಬ್ಬರೂ ಕುಳಿತು ಲೆಕ್ಕ ಹಾಕಬೇಕು.

ಆ ಲೆಕ್ಕದಲ್ಲಿ ಏನೇನಿರಲಿ? ಮೊದಲು ತರಬೇತಿ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ಕೇಂದ್ರವಿದೆ. ಅಂಥ ಕಡೆ ಕಲಿತರೆ ಈ ಕೆಲಸದಲ್ಲಿ ಕಾಣದ ಬೆವರು ಎಷ್ಟೆಂದು ಮಗುವಿಗೇ ತಿಳಿಯುತ್ತದೆ. ಅದನ್ನು ಸಹಿಸಿದರೆ ಮುಂದಿನ ಮಾತು. ಇಲ್ಲವಾದರೆ ಆ ಅರಿವೂ ಲಾಭವೇ. ಎರಡನೆಯದು, ಇಂತಿಷ್ಟು ವರ್ಷ ಎಂಬ ಗಡುವು, ಜೊತೆಗೆ ಅನ್ನ ಕೊಡುವ ಇನ್ನೊಂದು ವಿದ್ಯೆ. ಮೂರನೆಯದು, 'ಪಾತ್ರ ಕೊಡಿಸುತ್ತೇನೆ' ಎಂದು ಹಣ ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ತಾಯಿಯ ಬಳೆ ಅಡವಿಡಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕೇರಳ ಸರ್ಕಾರ 2017ರಲ್ಲಿ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ, ಮಲಯಾಳಂ ಚಿತ್ರರಂಗದಲ್ಲಿ ಹೆಣ್ಣುಮಕ್ಕಳು ಎದುರಿಸುವ ಲೈಂಗಿಕ ಕಿರುಕುಳದ ವಿವರಗಳನ್ನು ಓದಿ ನಾವೆಲ್ಲ ಬೆಚ್ಚಿದೆವು. ಇದನ್ನು ಓದಿದ ತಂದೆ, 'ಅದಕ್ಕೇ ಬೇಡವೆಂದದ್ದು' ಎನ್ನಬಹುದು. ಆದರೆ ಯೋಚಿಸಿ: ಆ ಹೆಣ್ಣುಮಕ್ಕಳು ವರ್ಷಗಟ್ಟಲೆ ಬಾಯಿ ಬಿಡದಂತೆ ಮಾಡಿದ್ದು ಅಂಜಿಕೆ. ಮನೆಯವರ ಇಷ್ಟಕ್ಕೆ ವಿರುದ್ಧವಾಗಿ ಹೊರಟ ಮಗಳು ಕೇಡು ಎದುರಾದಾಗ ಯಾರ ಬಳಿ ಹೇಳಿಕೊಂಡಾಳು? 'ನಾವು ಅಂದೇ ಹೇಳಿದ್ದೆವಲ್ಲ' ಎಂಬ ಮಾತು ಕಾದಿದೆಯೆಂದು ಗೊತ್ತಿದ್ದರೆ ಅವಳು ಮೌನವಾಗಿಯೇ ಸಹಿಸುತ್ತಾಳೆ. ಬಾಗಿಲು ಮುಚ್ಚುವುದರಿಂದ ಮಗಳು ಉಳಿಯುವುದಿಲ್ಲ, ಒಬ್ಬಂಟಿಯಾಗುತ್ತಾಳೆ. "ನಿನಗೆ ಯಾವ ಹೊತ್ತಿನಲ್ಲಿ ಕಷ್ಟ ಬಂದರೂ, ತಪ್ಪು ಯಾರದ್ದೇ ಆಗಿರಲಿ, ಮನೆಗೆ ಬಾ" ಎಂಬ ಒಂದು ಮಾತು ಯಾವ ಕರಾರುಪತ್ರಕ್ಕಿಂತಲೂ ದೊಡ್ಡ ರಕ್ಷಣೆ.

ತರುಣ ತರುಣಿಯರೇ, ನಿಮಗೂ ಒಂದು ಮಾತು. 'ನಾನು ನಟನಾಗಬೇಕು' ಎನ್ನುವಾಗ ನೀವು ಬಯಸುತ್ತಿರುವುದು ನಟನೆಯನ್ನೋ, ಹೆಸರನ್ನೋ? ಪರೀಕ್ಷೆ ಸುಲಭವಾಗಿದೆ. ಯಾರೂ ಚಿತ್ರ ತೆಗೆಯದ, ಹೆಸರು ಅಚ್ಚಾಗದ ಸಣ್ಣ ಪಾತ್ರಕ್ಕಾಗಿ ತಿಂಗಳುಗಟ್ಟಲೆ ತಾಲೀಮಿಗೆ ಹೋಗಬಲ್ಲಿರಾ? ಪರದೆಯ ಹಿಂದೆ ದೀಪ ಹೊತ್ತು, ಗುಡಿಸಿ, ಬೇರೆಯವರಿಗೆ ಚಪ್ಪಾಳೆ ಬಿದ್ದಾಗ ಸಂತೋಷಪಡಬಲ್ಲಿರಾ? ಹೌದಾದರೆ ನಿಮ್ಮೊಳಗೆ ಕರೆ ಇರಬಹುದು. ಬರೀ ಹೆಸರಿನ ಹಸಿವಾದರೆ ಅದು ಎಂದೂ ತುಂಬದ ಹೊಟ್ಟೆ. ಬಣ್ಣ ಒರೆಸಿದ ಮೇಲೂ ನಟನೆ ನಿಲ್ಲದ ಸ್ಥಿತಿಗೆ ಅದು ನಿಮ್ಮನ್ನು ತಳ್ಳುತ್ತದೆ. ಒಬ್ಬ ನಟ ಕಪಟಿಯಾಗುವುದು ಅಲ್ಲಿಯೇ.

ತಂದೆತಾಯಿಯರೇ, ಮಗು ಇಂಥ ಆಸೆಯನ್ನು ನಿಮ್ಮ ಮುಂದೆ ಹೇಳಿಕೊಂಡಿದೆ ಎಂದರೆ ನಿಮ್ಮನ್ನು ಇನ್ನೂ ನಂಬಿದೆ ಎಂದರ್ಥ. ಆ ನಂಬಿಕೆಯನ್ನು ಒಂದು ಗದರಿಕೆಯಲ್ಲಿ ಕಳೆದುಕೊಳ್ಳಬೇಡಿ. ಹೊಗಳಿಕೆಯಲ್ಲಿ ಮುಳುಗಿಸಲೂ ಬೇಡಿ. 'ಜನ ಏನೆಂದಾರು' ಎಂದು ಕೇಳುವ ಬದಲು, 'ಈ ಕೆಲಸ ಮಾಡುತ್ತಾ ನೀನು ಸತ್ಯವಂತಳಾಗಿ ಉಳಿಯಲು ನಮ್ಮಿಂದ ಏನಾಗಬೇಕು' ಎಂದು ಕೇಳಿ. ಉತ್ತರ ಒಂದೇ ಸಂಜೆಯಲ್ಲಿ ಸಿಗಲಾರದು. ಆದರೆ ಮಾತು ಆರಂಭವಾಗುತ್ತದೆ, ಮತ್ತು ಮಗಳು ಊಟದ ತಟ್ಟೆ ಬಿಟ್ಟು ಎದ್ದುಹೋಗುವುದಿಲ್ಲ.