ಮಕ್ಕಳನ್ನು ಕರೆತಂದವರು ಯಾರು?

ಬೈಬಲ್ ತೆರೆಯಿರಿ. ಮೊಬೈಲಲ್ಲಿ ಇದ್ದರೂ ಪರವಾಗಿಲ್ಲ, ವಾಟ್ಸಾಪ್ ಮಾತ್ರ ಮುಚ್ಚಿಡಿ. ಮಾರ್ಕ 10ನೇ ಅಧ್ಯಾಯ, 13ರಿಂದ 16ನೇ ವಚನ.

ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದ ಭಾಗ ಇದು. ಮಕ್ಕಳನ್ನು ಯೇಸುವಿನ ಹತ್ತಿರ ಕರೆತರುತ್ತಾರೆ, ಶಿಷ್ಯರು ಗದರಿಸುತ್ತಾರೆ, ಆತನು ಶಿಷ್ಯರ ಮೇಲೆ ಸಿಟ್ಟಾಗುತ್ತಾನೆ. ಮತ್ತಾಯ, ಲೂಕ ಇಬ್ಬರೂ ಇದನ್ನು ಬರೆದಿದ್ದಾರೆ. ಆದರೆ ಸಿಟ್ಟಾದ ಅಂತ ಹೇಳಿದವನು ಮಾರ್ಕ ಒಬ್ಬನೇ. ಸರಿ, ಕರೆತಂದವರು ಯಾರು? ಹೆಸರಿಲ್ಲ. ಊರಿನವರು ಯಾರೋ. ಇಷ್ಟು ವರ್ಷ ಪ್ರಸಂಗ ಮಾಡಿಯೂ ನಾನು ಇದನ್ನು ಗಮನಿಸಿರಲಿಲ್ಲ.

ಕಳೆದ ನವೆಂಬರಿನಲ್ಲಿ ನಮ್ಮ ಯೂತ್ ಟೀಮ್ ಜೊತೆ ಹುಮನಾಬಾದ್, ಬಸವಕಲ್ಯಾಣ ಕಡೆ ಹೋಗಿದ್ದೆ. ತೊಗರಿ ಇನ್ನೂ ಹೊಲದಲ್ಲಿ ನಿಂತಿತ್ತು. ಅಲ್ಲಿನ ಒಂದು ತಾಂಡಾದ ಅಂಗನವಾಡಿ ನೋಡಿದೆವು. ಒಂದೇ ಕೋಣೆ, ಗೋಡೆ ಮೇಲೆ ಅಕ್ಷರ, ಮೂಲೆಯಲ್ಲಿ ಒಲೆ. ಎಷ್ಟೋ ಮಕ್ಕಳ ಅಪ್ಪ ಅಮ್ಮ ಕೆಲಸಕ್ಕೆ ಅಂತ ಪುಣೆಗೋ ಹೈದರಾಬಾದಿಗೋ ಹೋಗಿದ್ದರು, ಅಜ್ಜಿಯರ ಹತ್ತಿರ ಉಳಿದ ಮಕ್ಕಳು. ಬೆಳಿಗ್ಗೆ ಸಹಾಯಕಿ ಮನೆ ಮನೆಗೆ ಹೋಗಿ ಒಂದೊಂದನ್ನೇ ಎಬ್ಬಿಸಿ ಕರೆದುಕೊಂಡು ಬರುತ್ತಾಳೆ. ಒಂದು ಮಗು "ಯಾಡಿ, ಯಾಡಿ" ಅಂತ ಅಳುತ್ತಿತ್ತು. ಲಂಬಾಣಿಯಲ್ಲಿ ಅಮ್ಮ ಅಂತ. ನಮ್ಮ ಹುಡುಗಿಯರು ಚಾಕೊಲೇಟ್ ಹಿಡಿದುಕೊಂಡು ನಿಂತರು, ಮಗು ಇನ್ನೂ ಜೋರಾಗಿ ಅತ್ತಿತು. ಸಹಾಯಕಿ ಬಂದು ಅದರದ್ದೇ ಮಾತಿನಲ್ಲಿ ಎರಡು ಪದ ಹೇಳಿದಳು. ಅಳು ನಿಂತಿತು.

ಈ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ದುಡ್ಡು ಸರ್ಕಾರದ್ದು, ಖರೆ. ಆದರೆ ಕಲಿಸುವವಳು, ಅಡುಗೆ ಮಾಡುವವಳು ಆ ಊರಿನ ಹೆಣ್ಣುಮಗಳೇ ಆಗಬೇಕು. ತಾಯಂದಿರು ಕೂರುವ ಬಾಲವಿಕಾಸ ಸಮಿತಿ ಇದೆ. ಕೀನ್ಯಾದಲ್ಲಿ 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ "ಹರಾಂಬೆ" ಅಂತ ಕರೆ ಕೊಟ್ಟರು, ಎಲ್ಲರೂ ಸೇರಿ ಎಳೆಯೋಣ ಅಂತ ಅರ್ಥ. ಹಳ್ಳಿಯವರೇ ಕೂಡಿ ಶಿಶುವಿಹಾರ ಕಟ್ಟಿಕೊಂಡರು. ಬಡ ಹಳ್ಳಿಗಳಿಗೆ ಹಾಗೆ ಎಳೆಯುವ ಶಕ್ತಿ ಕಡಿಮೆ ಇತ್ತು ಅನ್ನೋದೂ ಅದೇ ಕಥೆಯ ಭಾಗ. ನಮ್ಮಲ್ಲಿ ಆ ಭಾರ ಬಿದ್ದಿರೋದು ಈ ಹೆಣ್ಣುಮಕ್ಕಳ ಹೆಗಲ ಮೇಲೆ. ಅವರಿಗೆ ಕೊಡೋದಕ್ಕೆ ಸಂಬಳ ಅನ್ನೋದಿಲ್ಲ, ಗೌರವಧನ ಅಂತಾರೆ. ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ.

ವಾಪಸ್ ಬರುವಾಗ ನಮ್ಮ ಒಬ್ಬ ತಮ್ಮ ಹೇಳಿದ, "ಪಾಸ್ಟರ್, ನಾವೇ ಅಲ್ಲೊಂದು ಪ್ರೀಸ್ಕೂಲ್ ಮಾಡೋಣ. ಇಂಗ್ಲಿಷ್ ರೈಮ್ಸ್, ಯೂನಿಫಾರ್ಮ್, ನಮ್ಮ ಹಾಡು. ಸಣ್ಣ ಫೀಸ್ ಇಡೋಣ, ಹೊರಗೆ ಸಭೆಯ ಬೋರ್ಡ್." ನನಗೂ ಖುಷಿಯಾಯಿತು, ಸುಳ್ಳು ಹೇಳಲ್ಲ. ಆ ಬೋರ್ಡಿನ ಬಣ್ಣ ಯಾವುದಿರಬೇಕು ಅಂತ ಕೂಡ ಮನಸ್ಸಿನಲ್ಲೇ ಯೋಚಿಸಿದೆ. ಆಮೇಲೆ ಎರಡು ಮಾತು ನಿದ್ದೆ ಕೊಡಲಿಲ್ಲ.

ಒಂದು, ಆ ಟೀಚರ್ ಹೇಳಿದ್ದು. "ನೀವು ಬಂದು ಹೋಗ್ತೀರಿ ಪಾಸ್ಟರ್. ನೀವು ಸಾಲಿ ತೆಗದ್ರ ರೊಕ್ಕ ಇದ್ದವರ ಮಕ್ಕಳು ಅಲ್ಲಿಗಿ ಹೋಗ್ತಾವ. ಉಳಿದವು ನನ್ನ ಹತ್ರ. ಹಾಜರಿ ಕಮ್ಮಿ ಆದ್ರ ನಾಳಿ ಈ ಬಾಗಲಾ ಯಾರು ತೆಗೀತಾರ?" 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡುತ್ತೇವೆ ಅಂದಾಗ ಅಂಗನವಾಡಿಯವರು ಬೆಂಗಳೂರಿಗೆ ಬಂದು ಕೂತಿದ್ದು ಇದೇ ಭಯದಿಂದ. ಬಸವಕಲ್ಯಾಣ ಅಂದರೆ ಅನುಭವ ಮಂಟಪದ ಊರು. 12ನೇ ಶತಮಾನದಲ್ಲಿ ಎಲ್ಲ ಕಸುಬಿನವರೂ ಒಟ್ಟಿಗೆ ಕೂತು ಮಾತಾಡಿದರು ಅಂತ ಆ ಊರು ಇವತ್ತಿಗೂ ನೆನೆಯುತ್ತದೆ. ಆದರೂ ಅಡುಗೆ ಮಾಡಿದ ಕೈ ಯಾವ ಜಾತಿಯದು ಅಂತ ಕೇಳಿ ಮಗುವನ್ನು ಕಳಿಸದ ಮನೆಗಳು ನಮ್ಮ ರಾಜ್ಯದಲ್ಲಿ ಇನ್ನೂ ಇವೆ. ತಾಂಡಾದ ಮಗು, ಕೇರಿಯ ಮಗು, ಗೌಡರ ಮಗು ಒಂದೇ ಸಾಲಿನಲ್ಲಿ ಕೂತು ಉಣ್ಣಬಹುದಾದ ಜಾಗ ಹಳ್ಳಿಯಲ್ಲಿ ಎಷ್ಟಿವೆ ಹೇಳಿ? ಆ ಸಾಲಿನಿಂದ ನಾಲ್ಕು ಮಕ್ಕಳನ್ನು ನಾವು ಎಬ್ಬಿಸಿಕೊಂಡು ಬಂದರೆ ಅದಕ್ಕೆ ಸೇವೆ ಅಂತ ಹೆಸರಿಡಬಹುದಾ?

ಎರಡನೇ ಮಾತು ಒಬ್ಬ ಅಜ್ಜಿಯದು. ಆಕೆ ಸಿಟ್ಟಿನಿಂದ ಕೇಳಲಿಲ್ಲ, ಅದಕ್ಕೇ ಚುಚ್ಚಿತು. "ಕೂಸಿಗಿ ಉಣ್ಣಾಕ ಕೊಟ್ಟು ನಿಮ್ಮ ದೇವರ ಹೆಸರು ಹೇಳಿಸ್ತೀರೇನ್ರಿ?"

ಯೌವನಸ್ಥರೇ, ನಮ್ಮ ಸಭೆಯಲ್ಲಿ ಕೈಕೂಸಿಗೆ ದೀಕ್ಷಾಸ್ನಾನ ಕೊಡುತ್ತೇವಾ? ಇಲ್ಲ. ಸಮರ್ಪಣೆಯ ಪ್ರಾರ್ಥನೆ ಮಾಡಿ ಅಮ್ಮನ ಕೈಗೆ ವಾಪಸ್ ಕೊಡುತ್ತೇವೆ. ಯಾಕೆ? ನಂಬಿಕೆ ಆ ಮಗು ಬೆಳೆದ ಮೇಲೆ ತಾನೇ ಬಾಯಿಬಿಟ್ಟು ಹೇಳಬೇಕಾದದ್ದು. ಇದಕ್ಕಾಗಿ ಬೇರೆ ಸಭೆಯವರ ಜೊತೆ ವಾದ ಮಾಡಿದವರು ನಾವು. ಹಾಗಾದರೆ ನಮ್ಮ ಮಗುವಿಗೆ ಕೊಡುವ ಕಾಲಾವಕಾಶವನ್ನು ತಾಂಡಾದ ಮಗುವಿಗೆ ಯಾಕೆ ಕೊಡುವುದಿಲ್ಲ? ಮೂರು ವರ್ಷದ ಮಗು ಅನ್ನ ಕೊಟ್ಟವರಿಗೆ ಇಲ್ಲ ಅನ್ನೋದಿಲ್ಲ. ಇಲ್ಲ ಅನ್ನಲಾಗದವರ ಹತ್ತಿರ ಹೌದು ಅನ್ನಿಸಿಕೊಳ್ಳುವುದು ಯಾವ ಸೀಮೆ ಸಾಕ್ಷಿ?

"ಹಾಗಾದರೆ ಸುವಾರ್ತೆ ಸಾರೋದು ಬಿಡೋಣವಾ ಪಾಸ್ಟರ್?" ಅಂತ ನೀವು ಕೇಳುತ್ತೀರಿ, ಕೇಳಲೇಬೇಕು. ನಾನು ಬಿಡಲ್ಲ. ದೊಡ್ಡವರ ಹತ್ತಿರ ಮಾತಾಡುತ್ತೇನೆ. ಅವರು ನನ್ನ ಜೊತೆ ವಾದ ಮಾಡಬಹುದು, ಬಾಗಿಲು ಹಾಕಬಹುದು. ಆ ಅಜ್ಜಿ ಕೇಳಿದ ಹಾಗೆ ಕೇಳಬಹುದು.

16ನೇ ವಚನ ಇನ್ನೊಮ್ಮೆ ನೋಡಿ. ಯೇಸು ಮಕ್ಕಳನ್ನು ಅಪ್ಪಿಕೊಂಡ, ಕೈಯಿಟ್ಟು ಆಶೀರ್ವದಿಸಿದ, ಅಷ್ಟೇ. ಆ ಮಕ್ಕಳು ಮುಂದೆ ಶಿಷ್ಯರಾದರು ಅಂತ ಮಾರ್ಕ ಬರೆದಿಲ್ಲ. ಕರೆತಂದವರ ಜೊತೆ ಮನೆಗೆ ಹೋಗಿರಬೇಕು.

ಆ ಟೀಚರಿಗೆ ಮೊನ್ನೆ ಫೋನ್ ಮಾಡಿ ಏನು ಬೇಕು ಅಂತ ಕೇಳಿದೆ. ಚಾಪೆ ಬೇಕಂತೆ, ಮಧ್ಯಾಹ್ನ ಮಕ್ಕಳನ್ನು ಮಲಗಿಸೋಕೆ. ಮಾಡು ಸೋರುತ್ತದಂತೆ, ಅದನ್ನು ಪಂಚಾಯಿತಿಗೆ ಬರೆದುಕೊಟ್ಟಿದ್ದಾರೆ. ಪ್ರೀಸ್ಕೂಲಿಗೆ ಅಂತ ನೀವು ಕೂಡಿಸಿದ ಹಣ ಹಾಗೇ ಇದೆ, ಎರಡನೇ ಆರಾಧನೆ ಆದ ಮೇಲೆ ಮೇಲಿನ ಹಾಲ್‌ನಲ್ಲಿ ಕೂತು ತೀರ್ಮಾನ ಮಾಡಿ. ಚಾಪೆ ಮೇಲೆ ಸಭೆಯ ಹೆಸರು ಅಚ್ಚು ಹಾಕಿಸೋಣವಾ ಅಂತ ಆಗಲೇ ಒಬ್ಬರು ಮೆಸೇಜ್ ಮಾಡಿದ್ದಾರೆ. ಬೇಡ ಅಂತ ನನ್ನ ಅಭಿಪ್ರಾಯ. ಬನ್ನಿ, ಎದ್ದು ನಿಲ್ಲೋಣ, ಪ್ರಾರ್ಥಿಸೋಣ.